ಕೆಲಸ ಬಿಡದೆ ಶಿಶುಶಿಕ್ಷಣದಲ್ಲಿ ಎಂ.ಎ.

ಪ್ರಶ್ನೆ: ನರ್ಸರಿ ಶಿಕ್ಷಕಿ, ಬಿ.ಎ. ಆಗಿದೆ. ಶಿಶುಶಿಕ್ಷಣದಲ್ಲಿ ಆನ್‌ಲೈನ್ ಎಂ.ಎ. ಮಾಡಲೇ?

ಉತ್ತರ: ಮಾಡಿ, ಆದರೆ ಶುಲ್ಕ ಕಟ್ಟುವ ಮುನ್ನ ಯುಜಿಸಿ ದೂರಶಿಕ್ಷಣ ಬ್ಯೂರೊದ ಜಾಲತಾಣ ನೋಡಿ. ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು; ನಿಮ್ಮ ಕೋರ್ಸು, ಈ ವರ್ಷದ ಪ್ರವೇಶ, ಆನ್‌ಲೈನ್ ಮಾದರಿ ಮೂರೂ ಪಟ್ಟಿಯಲ್ಲಿರಬೇಕು. ಏಜೆಂಟರ ಮಾತು ನಂಬಬೇಡಿ.

ಸರ್ಕಾರಿ ಶಿಕ್ಷಕಿಯಾಗುವುದೇ ಗುರಿಯೇ? ಹಾಗಿದ್ದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) ಮಾನ್ಯತೆಯ ಶಿಕ್ಷಕ ತರಬೇತಿ ಬೇಕು, ಬರೀ ಎಂ.ಎ. ಸಾಲದು. ಹುದ್ದೆಯ ಅರ್ಹತೆಯನ್ನು ಬಿಇಒ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ನನ್ನನ್ನು ಕೇಳಿದರೆ, ಮೊದಲು ಇಗ್ನೋದ ಒಂದು ವರ್ಷದ ಶಿಶುಪಾಲನೆ–ಶಿಕ್ಷಣ ಡಿಪ್ಲೊಮಾ ಮಾಡಿ. ಪಿಯುಸಿ ಆಗಿದ್ದರೂ ಸೇರಬಹುದು. ಮೂರು ವರ್ಷದ ಮಗು ಮಣಿ ಪೋಣಿಸುವಾಗ ಬೆರಳು ಎಲ್ಲಿ ತಡವರಿಸುತ್ತದೆ ಎಂಬುದು ಪರದೆಯಲ್ಲಿ ಕಾಣದು, ನಿಮ್ಮ ತರಗತಿಯಲ್ಲೇ ಕಾಣುತ್ತದೆ. ಡಿಪ್ಲೊಮಾದ ಪ್ರಾಯೋಗಿಕ ಕೆಲಸಕ್ಕೆ ಮುಖ್ಯ ಶಿಕ್ಷಕಿಯ ಅನುಮತಿಯನ್ನು ಈಗಲೇ ಬರವಣಿಗೆಯಲ್ಲಿ ಪಡೆಯಿರಿ.