ಅಲ್ಲಿ ಯಾರಿದ್ದಾರೆ ಎಂದು ಕೇಳಿದ ಮಗಳಿಗೆ



ಮೊನ್ನೆ ಫೋನಿನಲ್ಲಿ ನೀನಾಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಬೆಂಗಳೂರಿನದೂ ಬಂದೈತಿ, ಹಂಪಿದೂ ಬಂದೈತಿ. ಹಂಪಿಯೊಳಗ ಈಗ ಯಾರದಾರ ದೊಡ್ಡಪ್ಪ?" ಅಂದೆ. ಆಮೇಲೆ ನಿನ್ನಪ್ಪ ಫೋನ್ ತೆಗೆದುಕೊಂಡು ರ್‍ಯಾಂಕಿಂಗಿನ ಲೆಕ್ಕ ಹೇಳಿದ. ಆವತ್ತು ನಾನು ಸರಿಯಾಗಿ ಉತ್ತರ ಕೊಡಲಿಲ್ಲ, ಸಿಟ್ಟು ಬಂದಿತ್ತು. ಅದಕ್ಕೇ ಈ ಪತ್ರ. ಇದನ್ನು ಪತ್ರಿಕೆಗೆ ಕಳಿಸುವುದಕ್ಕೂ ಕಾರಣವಿದೆ. ನಿನ್ನಂತೆ ಪಿಎಚ್.ಡಿ.ಯ ಎರಡು ಪ್ರವೇಶಪತ್ರ ಮುಂದಿಟ್ಟುಕೊಂಡು ಕೂತ ಮಕ್ಕಳು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಇನ್ನೂ ಎಷ್ಟೋ ಮಂದಿ ಇದ್ದಾರೆ. ತೀರ್ಮಾನ ನಿನ್ನದು. ಎರಡೂ ಕಡೆಯ ಮಾತು ಹೇಳುತ್ತೇನೆ.

ನಿನ್ನ ಪ್ರಶ್ನೆಯೇನೋ ಸರಿಯಾದದ್ದೇ. ವಿಶ್ವವಿದ್ಯಾಲಯವೊಂದರ ಬಗ್ಗೆ ಮೊದಲು ಕೇಳಬೇಕಾದದ್ದು ಅಲ್ಲಿ ಯಾರಿದ್ದಾರೆ ಎಂದೇ. ನನಗೆ ನೋವಾದದ್ದು ನೀನು ಕೇಳಿದ ಧಾಟಿಯಿಂದ. ಅಲ್ಲಿ ಯಾರೂ ಇಲ್ಲವೆಂದು ನೀನಾಗಲೇ ನಂಬಿದಂತಿತ್ತು. ಯಾರಿದ್ದರು ಎಂಬುದನ್ನು ಮೊದಲು ತಿಳಿದುಕೋ. ಆಗ, ಈಗ ಯಾರಿದ್ದಾರೆ ಎಂದು ಹೇಗೆ ಕೇಳಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ನಾನು ಎಂ.ಎ. ಮುಗಿಸಿ ಪಿಎಚ್.ಡಿ.ಗೆ ನೋಂದಾಯಿಸಿದ್ದು ದೊಡ್ಡ ಊರಿನ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ. ಕಲ್ಲಿನ ಕಟ್ಟಡ, ಎತ್ತರದ ಕಿಟಕಿ, ಗ್ರಂಥಾಲಯದಲ್ಲಿ ಕಪಾಟಿನಿಂದ ಕಪಾಟಿಗೆ ನಡೆದಷ್ಟೂ ಮುಗಿಯದ ಪುಸ್ತಕಗಳು. ಮಾರ್ಗದರ್ಶಕರು ವಿದ್ವಾಂಸರೇ, ಅದರಲ್ಲಿ ಸಂದೇಹವಿಲ್ಲ. ಆದರೆ ನಾನು ಯಾವ ಊರಿನವನು, ನನ್ನ ಅಪ್ಪ ಏನು ಮಾಡುತ್ತಾನೆ, ನನ್ನ ಕಿವಿಯಲ್ಲಿ ಯಾವ ಹಾಡಿದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಷಟ್ಪದಿ ಕಾವ್ಯವೊಂದರ ಅಲಂಕಾರಗಳ ಮೇಲೆ ಬರಿ ಎಂದರು. ವಿಷಯ ಕೆಟ್ಟದ್ದೆಂದಲ್ಲ, ಅದು ನನ್ನದಾಗಿರಲಿಲ್ಲ. ಅವರ ಕೈಕೆಳಗೆ ನನ್ನಂಥವರು ಬಹಳ ಮಂದಿ. ಜತೆಗೆ ನೂರಾರು ಕಾಲೇಜುಗಳ ಉತ್ತರಪತ್ರಿಕೆ, ಪಠ್ಯಪುಸ್ತಕ ಸಮಿತಿ, ಪರೀಕ್ಷಾ ಮಂಡಳಿ. ರಜೆ ಹಾಕಿ ರಾತ್ರಿ ಬಸ್ಸಿಗೆ ಹೋಗಿ, ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಾದು, ಸಹಿ ಮಾಡಿಸಿಕೊಂಡು ಬರುತ್ತಿದ್ದೆ. ಅವರು ನಿವೃತ್ತರಾದರು. ನನ್ನ ನೋಂದಣಿಯ ಅವಧಿಯೂ ಮುಗಿಯಿತು. ಕಚೇರಿಯಿಂದ ಎರಡು ಸಾಲಿನ ಪತ್ರ ಬಂತು.

ಆಗ ನಿಮ್ಮಜ್ಜ ಇನ್ನೂ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ನೀನು ಅವನನ್ನು ನೋಡಿದ್ದು ಹಾಸಿಗೆ ಹಿಡಿದ ಮೇಲೆ. ಮೊಹರಂ ಬಂತೆಂದರೆ ಊರಿಗೆ ಬಂದುಬಿಡುತ್ತಿದ್ದ, ಗಿರಣಿಯವರು ಏನೇ ಅನ್ನಲಿ. ಬೆಂಕಿಯ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾ ಹಸನ್ ಹುಸೇನರ ಪದ ಹಾಡಿದರೆ ಕರ್ಬಲಾ ನಮ್ಮೂರ ಹೊಲದ ಬದುವಿನಾಚೆಯೇ ಇದೆ ಅನಿಸಬೇಕು, ಹಾಗೆ ಹಾಡುತ್ತಿದ್ದ. ಓದು ಬರಹ ಇರಲಿಲ್ಲ. ರಾತ್ರಿಯಿಡೀ ಹಾಡುವಷ್ಟು ಪದ ಬಾಯಲ್ಲಿತ್ತು. ನಾನು ಕನ್ನಡ ಎಂ.ಎ. ಓದಿದವನು. ಆ ಪದಗಳು ಕನ್ನಡ ಸಾಹಿತ್ಯವೆಂದು ನನಗೆ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾದದ್ದು 1991ರಲ್ಲಿ. ಅದಕ್ಕೆ ಅಂಗಸಂಸ್ಥೆ ಕಾಲೇಜುಗಳಿಲ್ಲ. ಸಂಶೋಧನೆಯೇ ಅದರ ಮುಖ್ಯ ಕೆಲಸ. ಕೆಲವು ವರ್ಷಗಳ ಮೇಲೆ ಯಾವುದೋ ವಿಚಾರ ಸಂಕಿರಣಕ್ಕೆಂದು ನಾನು ಕಮಲಾಪುರದಾಚೆಯ ಅದರ ವಿದ್ಯಾರಣ್ಯ ಆವರಣಕ್ಕೆ ಹೋಗಿದ್ದೆ. ಬಂಡೆಗಳ ನಡುವೆ ಹೊಸ ಕಟ್ಟಡಗಳು, ಇನ್ನೂ ನೆರಳು ಕೊಡದ ಎಳೆಯ ಗಿಡಗಳು. ಸಂಜೆ ಚಹಾ ಕುಡಿಯುತ್ತಾ ಹರಟುವಾಗ ಮೊಹರಂ ಮಾತು ಬಂತು. ನಾನು ಅಪ್ಪನ ಪದವೊಂದನ್ನು ಹೇಳಿದೆ. ಹೇಳಿ ಮುಗಿಸುವುದರೊಳಗೆ ಪ್ರಶ್ನೆಗಳು ಶುರುವಾದವು.

ಭಾಷೆಯವರೊಬ್ಬರು ಅದರೊಳಗಿನ ಒಂದು ಕ್ರಿಯಾಪದವನ್ನು ಇನ್ನೊಮ್ಮೆ ಹೇಳಿಸಿದರು. ಕರಾವಳಿಯಿಂದ ಬಂದಿದ್ದವರೊಬ್ಬರು ತಮ್ಮ ಕಡೆಯ ಹಾಡುಗತೆಯಾದ ಪಾಡ್ದನದಲ್ಲೂ ಸಾವಿನ ಸುದ್ದಿ ಹೀಗೆಯೇ ನಡೆದು ಬರುತ್ತದೆ ಎಂದರು. ಚರಿತ್ರೆಯವರು ನಿಮ್ಮೂರಿಗೂ ಮೊಹರಮ್ಮಿಗೆ ಹೆಸರಾದ ಮುದಗಲ್ಲಿಗೂ ಏನು ಸಂಬಂಧ ಎಂದು ಕೇಳಿದರು. ಒಬ್ಬರು ಕುಣಿ ತೋಡುವ ಹಕ್ಕು ಯಾರ ಮನೆಯದು, ಕಟ್ಟಿಗೆ ಯಾರದು, ಪಂಜ ಹೊರುವವರು ಯಾರು ಎಂದು ಒಂದೊಂದಾಗಿ ಬರೆದುಕೊಂಡರು. ಅಲ್ಲಿದ್ದ ಅಧ್ಯಾಪಕಿಯೊಬ್ಬರು ಕೊನೆಗೆ, "ನಿಮ್ಮವ್ವನೂ ಹಾಡ್ತಿದ್ರಾ?" ಎಂದರು. ನನಗೆ ಗೊತ್ತಿರಲಿಲ್ಲ. ಊರಿಗೆ ಹೋಗಿ ಕೇಳಿದೆ. ಅವ್ವನಿಗೆ ಅಪ್ಪನಿಗಿಂತ ಹೆಚ್ಚು ಪದ ಬರುತ್ತಿದ್ದವು. ಹೊಲದಲ್ಲಿ ಹಾಡುತ್ತಿದ್ದಳು, ಕುಣಿಯ ಮುಂದೆ ಹಾಡುತ್ತಿರಲಿಲ್ಲ.

ನನ್ನ ಪಿಎಚ್.ಡಿ. ಹುಟ್ಟಿದ್ದು ಆ ಚಹಾದ ಮೇಜಿನ ಸುತ್ತ. ಮುಂದೆ ಬರೆದದ್ದೂ ಅಲ್ಲಿಯೇ.

ಒಂದೇ ಪದಕ್ಕೆ ಇಷ್ಟು ಬಗೆಯ ಪ್ರಶ್ನೆ ಹುಟ್ಟಿದ್ದು ಹೇಗೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅವರೆಲ್ಲ ಬೇರೆಬೇರೆ ನೆಲದಿಂದ ಬಂದಿದ್ದರು. ಮೊದಲ ಕುಲಪತಿ ಚಂದ್ರಶೇಖರ ಕಂಬಾರರನ್ನೇ ನೋಡು. ಬೆಳಗಾವಿ ಜಿಲ್ಲೆಯ ಘೋಡಗೇರಿಯವರು, ಬಯಲಾಟ ನೋಡುತ್ತಾ ಬೆಳೆದವರು, ಷಿಕಾಗೋದಲ್ಲೂ ಬೆಂಗಳೂರಿನಲ್ಲೂ ಪಾಠ ಮಾಡಿದವರು, ಜಾನಪದ ವಿಶ್ವಕೋಶ ಸಂಪಾದಿಸಿದವರು. ಅಂಥವರು ಕಟ್ಟಲು ಹೊರಟ ವಿಶ್ವವಿದ್ಯಾಲಯದಲ್ಲಿ ಹಾಡುವವರಿಗೂ ಓದುವವರಿಗೂ ನಡುವೆ ಬಾಗಿಲು ಮುಚ್ಚಿರಲು ಸಾಧ್ಯವಿರಲಿಲ್ಲ. ಮಂಟೇಸ್ವಾಮಿ, ಮಲೆ ಮಾದೇಶ್ವರ, ಜುಂಜಪ್ಪ ಇವರ ಕಾವ್ಯಗಳನ್ನು ಗಾಯಕರ ಬಾಯಿಂದ ಕೇಳಿ ಬರೆದು ದಪ್ಪ ಸಂಪುಟಗಳಾಗಿ ಅಚ್ಚು ಹಾಕಿಸಿದ್ದು ಇದೇ ಸಂಸ್ಥೆ.

ಸುಳ್ಯದ ಕಡೆಯಿಂದ ಪುರುಷೋತ್ತಮ ಬಿಳಿಮಲೆ ಬಂದರು, ಯಕ್ಷಗಾನ ಮತ್ತು ಭೂತಾರಾಧನೆಯ ನೆಲದ ಅರಿವು ಹೊತ್ತು. ಕೊಡಗಿನಿಂದ ವಿಜಯ್ ಪೂಣಚ್ಚ ತಂಬಂಡ ಬಂದರು. ಒಂದು ಪುಟ್ಟ ಸೀಮೆ ದೊಡ್ಡ ರಾಜ್ಯದೊಳಗೆ ಸೇರುವಾಗ ಏನಾಗುತ್ತದೆಂಬುದು ಅವರಿಗೆ ಪುಸ್ತಕದ ಪ್ರಶ್ನೆ ಮಾತ್ರವಾಗಿರಲಿಲ್ಲ. ಕೆ.ವಿ. ನಾರಾಯಣ ಅವರು ಬೆಂಗಳೂರು ವಿಶ್ವವಿದ್ಯಾಲಯದಿಂದ ಬಂದವರು. ಸಂಸ್ಕೃತದ ಧ್ವನ್ಯಾಲೋಕದ ಮೇಲೆ ಸಂಶೋಧನೆ ಮಾಡಿದ್ದ ಅವರು, ಕನ್ನಡಿಗರು ದಿನವೂ ಆಡುವ ನುಡಿಯ ಕಡೆ ತಿರುಗಿದರು. ಅವರ 'ನುಡಿಗಳ ಅಳಿವು' ಪುಸ್ತಕಕ್ಕೆ 2024ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೇವರಕೊಂಡಾರೆಡ್ಡಿಯವರು ಲಿಪಿ, ಶಾಸನಗಳ ಬೆನ್ನು ಹತ್ತಿದವರು. ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ಗ್ರಂಥಾಲಯದಲ್ಲಿ ತೆಗೆದು ನೋಡು, ಹೊಲದಲ್ಲಿ ಬಿದ್ದಿದ್ದ ಎಷ್ಟು ಕಲ್ಲುಗಳಿಗೆ ಮಾತು ಬಂದಿದೆ ಎಂದು ತಿಳಿಯುತ್ತದೆ. ಅಭಿವೃದ್ಧಿ ಅಧ್ಯಯನ ವಿಭಾಗದ ಟಿ.ಆರ್. ಚಂದ್ರಶೇಖರ ಅರ್ಥಶಾಸ್ತ್ರವನ್ನು ಕನ್ನಡದಲ್ಲೇ ಬರೆದರು. ನಮ್ಮ ಭಾಗ ಯಾಕೆ ಹಿಂದುಳಿಯಿತು ಎಂದು ಅಂಕಿ ಸಂಖ್ಯೆ ಹಿಡಿದು ನಮ್ಮ ಭಾಷೆಯಲ್ಲೇ ಕೇಳಿದವರು ಅವರು.

ಕತೆಗಾರರೂ ಅಲ್ಲಿ ಪಾಠ ಮಾಡಿದರು. 'ಬುಗುರಿ' ಬರೆದ ಮೊಗಳ್ಳಿ ಗಣೇಶ್ ಚನ್ನಪಟ್ಟಣದ ಕಡೆಯ ಹಳ್ಳಿಯ ಕೇರಿಯಿಂದ ಬಂದು ಜಾನಪದ ಕಲಿಸಿದರು. ಅಮರೇಶ ನುಗಡೋಣಿ ನಮ್ಮ ರಾಯಚೂರು ಸೀಮೆಯವರೇ. ಅವರ 'ಸವಾರಿ' ಕತೆಯೇ ಗಿರೀಶ ಕಾಸರವಳ್ಳಿಯವರ 'ಕನಸೆಂಬ ಕುದುರೆಯನೇರಿ' ಸಿನಿಮಾ ಆಯಿತು.

ರಹಮತ್ ತರೀಕೆರೆಯವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ಸೀಮೆಯ ಕಮ್ಮಾರನ ಮಗ. ತಮ್ಮ ಬಾಳಿನ ಕಥೆಗೆ 'ಕುಲುಮೆ' ಎಂದೇ ಹೆಸರಿಟ್ಟರು. ಅವರು ಬರೆದ ವಿಷಯಗಳನ್ನು ನೋಡು: ಸೂಫಿಗಳು, ನಾಥಪಂಥ, ಶಾಕ್ತಪಂಥ, ಮೊಹರಂ, ಅಮೀರಬಾಯಿ ಕರ್ನಾಟಕಿ. ಒಂದು ಧರ್ಮದ ಬೇಲಿಯೊಳಗೆ ನಿಲ್ಲದ ಜನರನ್ನೇ ಹುಡುಕಿಕೊಂಡು ಊರೂರು ತಿರುಗಿದರು. 2010ರಲ್ಲಿ 'ಕತ್ತಿಯಂಚಿನ ದಾರಿ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಮಜ್ಜನಂಥ ಹಾಡುಗಾರರ ಮನೆಯಂಗಳದಲ್ಲಿ ಕೂತು ಬರೆಯುವ ಪ್ರಾಧ್ಯಾಪಕರಿದ್ದಾರೆಂದು ತಿಳಿದಾಗ ನನಗಾದ ಧೈರ್ಯವನ್ನು ನಿನಗೆ ಹೇಗೆ ವಿವರಿಸಲಿ?

ಇಲ್ಲಿ ಒಂದು ಎಚ್ಚರಿಕೆ. ಹಿನ್ನೆಲೆಯನ್ನೇ ವಿದ್ವತ್ತು ಎಂದುಕೊಂಡವರೂ ಎಲ್ಲ ವಿಶ್ವವಿದ್ಯಾಲಯಗಳಲ್ಲಿ ಇದ್ದಾರೆ. ತಮ್ಮ ಜಾತಿಯ ಹಿರಿಮೆ, ತಮ್ಮ ಊರಿನ ಹಿರಿಮೆ ಬರೆದು ಅದನ್ನೇ ಸಂಶೋಧನೆ ಎನ್ನುತ್ತಾರೆ. ಅಂಥವರ ಹತ್ತಿರ ಹೋಗಬೇಡ. ಹುಟ್ಟಿದ ಮನೆ ನಿನಗೆ ಪ್ರಶ್ನೆ ಕೊಡಬಹುದು, ಉತ್ತರವನ್ನು ಆಧಾರವೇ ಕೊಡಬೇಕು. 1998ರಿಂದ 2001ರವರೆಗೆ ಅಲ್ಲಿ ಕುಲಪತಿಯಾಗಿದ್ದ ಎಂ.ಎಂ. ಕಲಬುರ್ಗಿಯವರು ಶಾಸನ, ಹಸ್ತಪ್ರತಿಗಳು ಹೇಳಿದ್ದನ್ನು ಬರೆದರು. ತಮ್ಮವರೇ ಮುನಿಸಿಕೊಂಡರೂ ಬರೆಯುವುದನ್ನು ನಿಲ್ಲಿಸಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರನ್ನು ಕೊಂದರು. ಸಂಶೋಧಕಿಯಾಗುತ್ತೇನೆ ಎನ್ನುವವಳು ಇದನ್ನು ತಿಳಿದಿರಬೇಕು.

ಇನ್ನು ಬೆಂಗಳೂರಿನ ಪರವಾಗಿ ಹೇಳಬೇಕಾದದ್ದು. ಅಲ್ಲಿ ರಾಜ್ಯ ಪತ್ರಾಗಾರವಿದೆ, ದೊಡ್ಡ ಗ್ರಂಥಾಲಯಗಳಿವೆ, ಕೆಲಸದ ಸುದ್ದಿ ಬೇಗ ಗೊತ್ತಾಗುತ್ತದೆ, ಇಂಗ್ಲಿಷ್ ರೂಢಿಯಾಗುತ್ತದೆ. ಹಂಪಿಯಲ್ಲಿ ಕಷ್ಟವಿದೆ, ಮುಚ್ಚಿಡುವುದಿಲ್ಲ. ನಾನು ಮೇಲೆ ಹೆಸರಿಸಿದವರಲ್ಲಿ ಯಾರೂ ಈಗ ಅಲ್ಲಿ ಪಾಠ ಮಾಡುತ್ತಿಲ್ಲ. ಅನುದಾನ ಸಾಲದೆ, ಹುದ್ದೆ ತುಂಬದೆ ಆ ಸಂಸ್ಥೆ ಸೊರಗಿರುವ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀನೂ ಓದಿದ್ದೀಯ. ಶಿಷ್ಯವೇತನಕ್ಕಾಗಿ ವಿದ್ಯಾರ್ಥಿಗಳು ಧರಣಿ ಕೂತಿದ್ದೂ ನಿಜ. ಒಂದು ಭಾಷೆಯ ಹೆಸರಿನಲ್ಲಿ ವಿಶ್ವವಿದ್ಯಾಲಯ ಕಟ್ಟಿ, ಅದನ್ನು ಹೀಗೆ ಅರೆಹೊಟ್ಟೆಯಲ್ಲಿಡುವುದು ಸರ್ಕಾರಗಳಿಗೆ ನಾಚಿಕೆಗೇಡು. ಯಾವ ಪಕ್ಷದ ಸರ್ಕಾರಕ್ಕೂ ನಾನು ರಿಯಾಯಿತಿ ಕೊಡುವುದಿಲ್ಲ.

ಆದರೂ ನಿನ್ನನ್ನು ಕೇಳುತ್ತೇನೆ. ಬೆಂಗಳೂರಿನ ಆ ವಿಭಾಗದಲ್ಲಿ ನಿನಗೆ ಮಾರ್ಗದರ್ಶಕರಾಗುವವರು ಯಾರು? ಅವರ ಒಂದು ಲೇಖನ ಓದಿದ್ದೀಯಾ? ಅವರ ಆಸಕ್ತಿ ಏನು ಗೊತ್ತೇ? ಫೋನಿನಲ್ಲಿ ನೀನು ಹೇಳಿದ್ದು ಹಾಸ್ಟೆಲಿನ ಹತ್ತಿರ ಮೆಟ್ರೋ ಇದೆ ಎಂದು. ಮೆಟ್ರೋ ಪಿಎಚ್.ಡಿ. ಬರೆಸುವುದಿಲ್ಲ. ಸೀರೆ ಕೊಳ್ಳುವಾಗ ಅಂಚು ಸೆರಗು ಬಿಚ್ಚಿ ನೋಡುವ ಹುಡುಗಿ ನೀನು, ಐದು ವರ್ಷ ಯಾರ ಹಿಂದೆ ನಡೆಯಬೇಕೆಂಬುದನ್ನು ಸಂಸ್ಥೆಯ ಹೆಸರು ನೋಡಿ ನಿರ್ಧರಿಸುತ್ತೀಯಲ್ಲ! ಇಷ್ಟು ಓದಿಸಿದ್ದು ಇದಕ್ಕಾ? ನಿಮ್ಮಪ್ಪನ ರ್‍ಯಾಂಕಿಂಗ್ ಪಟ್ಟಿಯಲ್ಲಿ, ನಿಮ್ಮವ್ವನೂ ಹಾಡುತ್ತಿದ್ದರಾ ಎಂದು ಕೇಳುವ ಅಧ್ಯಾಪಕಿಗೆ ಅಂಕ ಕೊಡುವ ಕಾಲಂ ಇದೆಯೇ?

ಗಟ್ಟಿಯಾಗಿ ಮಾತಾಡಿಬಿಟ್ಟೆ. ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ ಮಗಳೇ. ನಮ್ಮ ಮನೆಯಿಂದ ಇಷ್ಟು ದೂರ ಓದಿದ ಮೊದಲ ಹೆಣ್ಣುಮಗಳು ನೀನು. ತಪ್ಪಿದರೆ ಎಲ್ಲರೂ ನಿನ್ನತ್ತ ಬೆರಳು ತೋರಿಸುತ್ತಾರೆಂಬ ಭಯ ನಿನಗಿದೆ. ಬೆಂಗಳೂರನ್ನೇ ಆರಿಸಿದರೂ ಮೊದಲ ತಿಂಗಳ ಖರ್ಚು ನಾನೇ ಕೊಡುತ್ತೇನೆ. ನಿನ್ನಪ್ಪನಿಗೂ ಹೇಳಿದ್ದೇನೆ. ಪತ್ರಾಗಾರ ಬೇಕಾದಾಗ ರೈಲು ಹತ್ತಿ ಹೋಗಿ ಬರಬಹುದು, ಅದಕ್ಕಾಗಿ ಅಲ್ಲೇ ಇರಬೇಕೆಂದಿಲ್ಲ, ಅಷ್ಟೇ ನನ್ನ ಮಾತು.

ಸಣ್ಣ ವಿಶ್ವವಿದ್ಯಾಲಯದ ಒಂದು ಲಾಭವನ್ನು ನಾನು ಅನುಭವದಿಂದ ಬಲ್ಲೆ. ಅಲ್ಲಿ ನಿನಗೆ ಒಬ್ಬರೇ ಮಾರ್ಗದರ್ಶಕರು ಇರುವುದಿಲ್ಲ. ಶಾಸನ ಓದುವವರು, ಬುಡಕಟ್ಟುಗಳ ನಡುವೆ ತಿರುಗಿದವರು, ಹಸ್ತಪ್ರತಿ ತಿದ್ದುವವರು, ಸಂಗೀತದವರು ಎಲ್ಲರೂ ಒಂದೇ ದಾರಿಯಲ್ಲಿ ಎದುರಾಗುತ್ತಾರೆ. ಬಾದಾಮಿಯ ಬನಶಂಕರಿಯ ಕೇಂದ್ರದಲ್ಲಿ ಶಿಲ್ಪ ಕಲಿಸುವವರೂ ಇದೇ ವಿಶ್ವವಿದ್ಯಾಲಯದ ಅಧ್ಯಾಪಕರೇ. ಈಗಿರುವವರಲ್ಲಿ ಕೆಲವರು ನಾನು ಹೇಳಿದ ಹಿರಿಯರ ಶಿಷ್ಯರು. ಅವರ ಹೆಸರು ಇನ್ನೂ ದೊಡ್ಡದಾಗಿಲ್ಲ. 1991ರಲ್ಲಿ ಆ ಹಿರಿಯರಲ್ಲಿ ಬಹಳ ಮಂದಿಯ ಹೆಸರೂ ದೊಡ್ಡದಾಗಿರಲಿಲ್ಲ.

ಪ್ರವೇಶ ಶುಲ್ಕ ಕಟ್ಟುವ ಮೊದಲು ಒಂದು ಕೆಲಸ ಮಾಡು. ಎರಡೂ ಕಡೆ ಹೋಗಿ ನಿನಗೆ ಮಾರ್ಗದರ್ಶಕರಾಗಬಹುದಾದವರನ್ನು ಮುಖತಃ ಕಾಣು. ಅವರ ಪುಸ್ತಕವೊಂದನ್ನು ಓದಿಕೊಂಡು ಹೋಗು. ಯಾವ ಊರಿನವರು, ಹೇಗೆ ಈ ವಿಷಯಕ್ಕೆ ಬಂದರು, ಈಗ ಏನು ಬರೆಯುತ್ತಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳು. ನಿನ್ನ ಬಗ್ಗೆ ಅವರು ಏನು ಕೇಳುತ್ತಾರೆಂಬುದನ್ನೂ ಗಮನಿಸು. ಹೊಸಪೇಟೆ ಬಸ್ ನಿಲ್ದಾಣದಿಂದ ಕಮಲಾಪುರದ ಬಸ್ಸು ಸಿಗುತ್ತದೆ. ಬರುವ ದಿನ ತಿಳಿಸು, ನಾನೂ ಗಂಗಾವತಿಯಿಂದ ಬಂದು ನಿನ್ನ ಜೊತೆಯಾಗುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ