ಕೀಲಿ ಹಾಕುವ ಮುನ್ನ ನೋಟಿಸು ಬರೆಯಿರಿ

ಬಾಡಿಗೆದಾರರು ಮನೆ ಬಿಡುತ್ತಿಲ್ಲ ಎಂದರೆ ರಾಯಚೂರಿರಲಿ, ದೇವದುರ್ಗವಿರಲಿ, ಮಾನ್ವಿಯಿರಲಿ, ಕಟ್ಟೆಯ ಮೇಲಿನ ಸಲಹೆ ಒಂದೇ: ‘ಅವರು ಊರಿಗೆ ಹೋದಾಗ ಕೀಲಿ ಹಾಕಿಬಿಡ್ರಿ.’ ದಯವಿಟ್ಟು ಹಾಕಬೇಡಿ. ಕಾನೂನಿನ ದಾರಿ ಬಿಟ್ಟು ಹೊರಹಾಕಿಸಿಕೊಂಡವರು 6 ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನ ಮರಳಿ ಪಡೆಯಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು ಹೇಳುವುದು ಇದನ್ನೇ. ಆ ದಾವೆಯಲ್ಲಿ ‘ಮನೆ ನನ್ನದು, ಇಗೋ ಪತ್ರ’ ಎಂದರೂ ನಡೆಯದು. ಎರಡು ವರ್ಷ ಬಾಡಿಗೆ ಸಿಗದ ಮಾಲೀಕರೇ ಪ್ರತಿವಾದಿಯ ಜಾಗದಲ್ಲಿ ನಿಲ್ಲಬೇಕಾಗುತ್ತದೆ. ನೀರು, ಕರೆಂಟು ಕಡಿಯುವುದೂ ಇದೇ ಸಾಲಿನ ತಪ್ಪು.

ಹಾಗಾದರೆ ಮಾಲೀಕರು ತಾವೇ ಏನು ಮಾಡಬಹುದು? ಬಹಳಷ್ಟು ಮಾಡಬಹುದು.

ಮೊದಲು ನಿಮ್ಮ ಮನೆ ಯಾವ ಕಾನೂನಿಗೆ ಸೇರುತ್ತದೆ ನೋಡಿ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಲ್ಲ ಊರಿಗೂ ಎಲ್ಲ ಕಟ್ಟಡಕ್ಕೂ ಅನ್ವಯಿಸುವುದಿಲ್ಲ. ಅದರ ಮೊದಲ ಅನುಸೂಚಿಯಲ್ಲಿ ನಿಮ್ಮ ಊರು ಇರಬೇಕು. ನಿಗದಿತ ಮಿತಿಗಿಂತ ಹೆಚ್ಚು ಬಾಡಿಗೆಯ ಕಟ್ಟಡಗಳೂ 14 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳೂ ಅದರ ಹೊರಗೆ. ಒಳಗಿದ್ದರೆ 27ನೇ ಕಲಮಿನ ಕಾರಣಗಳಲ್ಲಿ ಒಂದನ್ನು ತೋರಿಸಲೇಬೇಕು. ಬಾಡಿಗೆ ಬಾಕಿ, ಸ್ವಂತಕ್ಕೆ ಅಗತ್ಯ ಇಂಥವು. ಹೊರಗಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ನಡೆಯುತ್ತದೆ. ಅಲ್ಲಿ ತಿಂಗಳ ಬಾಡಿಗೆ ಮುಗಿಸಲು ಕಾರಣ ಬೇಡ, 106ನೇ ಕಲಮಿನ ನೋಟಿಸು ಸಾಕು. ಕರಾರಿನ ಅವಧಿ ಇನ್ನೂ ಬಾಕಿಯಿದ್ದರೆ ಮಾತ್ರ ಅದರ ಷರತ್ತು ನೋಡಿಕೊಳ್ಳಬೇಕು.

ಇಡೀ ಪ್ರಕರಣ ನಿಲ್ಲುವುದೂ ಬೀಳುವುದೂ ನೋಟಿಸಿನ ಈ ಒಂದು ಹಾಳೆಯ ಮೇಲೆ. ಅದಕ್ಕೆ ಛಾಪಾ ಕಾಗದ ಬೇಡ, ವಕೀಲರ ಸಹಿಯೂ ಕಡ್ಡಾಯವಲ್ಲ. ಕನ್ನಡದಲ್ಲೇ ಬರೆಯಿರಿ. ಮನೆ ನಂಬರು, ಚೆಕ್ಕುಬಂದಿ, ತಿಂಗಳ ಬಾಡಿಗೆ, ಬಾಕಿ ಎಷ್ಟು ಎಂಬುದು ಇರಲಿ. ‘ಈ ನೋಟಿಸು ತಲುಪಿದ ದಿನದಿಂದ 15 ದಿನ ಕಳೆದ ಕೂಡಲೇ ಬಾಡಿಗೆ ಸಂಬಂಧ ಕೊನೆಗೊಳ್ಳುತ್ತದೆ, ಖಾಲಿ ಮಾಡಿ ಸ್ವಾಧೀನ ಕೊಡಿ’ ಎಂದು ಬರೆದು ಸಹಿ ಮಾಡಿ. ಕಾರ್ಖಾನೆಗೆ ಕೊಟ್ಟ ಜಾಗವಾದರೆ 15 ದಿನವಲ್ಲ, 6 ತಿಂಗಳು. ವಿತರಣೆಯ ಪುರಾವೆ ಸಿಗುವಂತೆ ಅಂಚೆಯಲ್ಲಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಕೈಗೇ ಕೊಡುವುದಾದರೆ ಸಹಿ ಪಡೆಯಿರಿ. ಬಾಡಿಗೆದಾರರಿಗೇ ಕೊಡಲಾಗದಿದ್ದರೆ ಅವರ ಮನೆಯವರಿಗೆ ಕೊಡಬಹುದು. ಅದೂ ಆಗದಿದ್ದರೆ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಬಹುದು. ಫೋಟೊ ತೆಗೆದಿಡಿ.

ಇಲ್ಲೇ ಹಲವರು ಎಡವುತ್ತಾರೆ. ನೋಟಿಸು ಕೊಟ್ಟ ಮೇಲೂ ಎಂದಿನಂತೆ ಬಾಡಿಗೆ ಇಸಿದುಕೊಂಡು ರಸೀದಿ ಬರೆದರೆ, ನೋಟಿಸು ಬಿಟ್ಟುಕೊಟ್ಟಿದ್ದೀರಿ ಎಂದು ಎದುರಿನವರು ವಾದಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 113ನೇ ಕಲಮು ದಾರಿ ಕೊಡುತ್ತದೆ. ಹಣ ಬಂದರೆ ‘ಹಕ್ಕು ಕಾಯ್ದಿರಿಸಿ, ಸ್ವಾಧೀನದ ನಷ್ಟದ ಬಾಬ್ತು’ ಎಂದೇ ರಸೀದಿಯಲ್ಲಿ ಬರೆಯಿರಿ.

ಅವಧಿ ಕಳೆದರೂ ಬಿಡದಿದ್ದರೆ ಕಟ್ಟಡ ಇರುವ ಊರಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ: ಮಾನ್ವಿಯ ಮನೆಗೆ ಮಾನ್ವಿ, ದೇವದುರ್ಗದ್ದಕ್ಕೆ ದೇವದುರ್ಗ. ಕೋರ್ಟು ಶುಲ್ಕ ಮನೆಯ ಮಾರುಕಟ್ಟೆ ಬೆಲೆಯ ಮೇಲಲ್ಲ, ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಮಂದಿ ಹೆದರಿ ಸುಮ್ಮನಾಗುತ್ತಾರೆ. ಬಾಕಿ ಬಾಡಿಗೆಯನ್ನೂ ಕೇಳಿ, ಆದರೆ 3 ವರ್ಷಕ್ಕಿಂತ ಹಳೆಯದು ಸಾಮಾನ್ಯವಾಗಿ ಸಿಗದು. ನಿಮ್ಮ ದಾವೆಯನ್ನು ನೀವೇ ಹೂಡಿ ನೀವೇ ವಾದಿಸಬಹುದು. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇರುವ ಮಾಲೀಕರು ಊರಿನ ತಮ್ಮನಿಗೆ ಮುಖ್ತ್ಯಾರನಾಮೆ ಕೊಡಬಹುದು, ಆದರೆ ಆತ ವಕೀಲನಂತೆ ವಾದಿಸಲಾಗದು. ಬಾಡಿಗೆದಾರರು ಬಾಡಿಗೆ ಸಂಬಂಧವನ್ನೇ ಅಲ್ಲಗಳೆದು ಪಾಟಿಸವಾಲಿನವರೆಗೆ ಹೋದರೆ, ನನ್ನ ಮಟ್ಟಿಗೆ, ಅಲ್ಲಿಂದ ಮುಂದೆ ವಕೀಲರ ಕೈಗೆ ಕೊಡುವುದೇ ಸರಿ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿ ಉಚಿತ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಲೋಕ ಅದಾಲತಿನಲ್ಲಿ ಇಬ್ಬರೂ ಒಂದು ತಾರೀಖಿಗೆ ಒಪ್ಪಿದರೆ ಅದೇ ಡಿಕ್ರಿ. ಮೇಲ್ಮನವಿ ಇಲ್ಲ, ಕಟ್ಟಿದ ಶುಲ್ಕವೂ ವಾಪಸು. ಡಿಕ್ರಿಯಾದರೂ ಬಿಡದವರ ಮೇಲೆ ಜಾರಿ ಅರ್ಜಿ ಹಾಕಿ. ಆಗ ಕೋರ್ಟಿನ ಅಮೀನರೇ ಬಂದು ಮನೆ ಬಿಡಿಸಿ ನಿಮ್ಮ ಸ್ವಾಧೀನಕ್ಕೆ ಕೊಡುತ್ತಾರೆ. ನಿಮ್ಮ ಕೀಲಿ ಹಾಕುವುದು ಆಮೇಲೆ.