ಅಂಕಿತವಿಲ್ಲದ ಕವಿತೆ ದೂರ ಹೋಗದು

ಅಂತರ್ಜಾಲದಲ್ಲಿ ಕವಿತೆ ಪ್ರಕಟಿಸುತ್ತ ಬಂದ ನನಗೆ ಮನದಟ್ಟಾಗಿರುವುದು ಇಷ್ಟು: ಅಲ್ಲಿ ಹಾಕುವುದು ಸುಲಭ, ಉಳಿಸುವುದು ಕಷ್ಟ. ಸಂಪಾದಕ, ಅಚ್ಚಿನ ಮನೆ, ಗ್ರಂಥಾಲಯ ಮೂವರೂ ಮಾಡುತ್ತಿದ್ದ ಕೆಲಸ ಈಗ ಕವಿಯೊಬ್ಬರ ತಲೆಗೇ ಬಂದಿದೆ. ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು, ಗೂಗಲ್ ಪ್ಲಸ್ 2019ರಲ್ಲಿ. ಬೇರೆಲ್ಲೂ ಪ್ರತಿ ಇಟ್ಟುಕೊಳ್ಳದವರ ಬರಹ ಅವುಗಳೊಂದಿಗೇ ಹೋಯಿತು. ಜಾಲತಾಣ ಉಳಿದರೂ ಅಕ್ಷರ ಉಳಿಯುತ್ತದೆಂದು ಹೇಳಲಾಗದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕನ್ನಡ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಬರೀ ಚಿಹ್ನೆಗಳ ರಾಶಿ. ಯೂನಿಕೋಡ್‌ಗೆ ಬದಲಿಸಿಕೊಂಡದ್ದು ಮಾತ್ರ ಹುಡುಕಿದರೆ ಸಿಗುತ್ತದೆ.

ಇಷ್ಟಾದರೂ ಬಹಳಷ್ಟು ಕವಿಗಳು ಕವಿತೆಯನ್ನು ಚಿತ್ರವಾಗಿಸಿಯೇ ಹಾಕುತ್ತಾರೆ. ಅದಕ್ಕೆ ಕಾರಣವೂ ಇದೆ. ಫೋನಿನ ಕಿರಿದಾದ ಪರದೆಯಲ್ಲಿ ಉದ್ದದ ಸಾಲು ತಾನಾಗಿ ಮುರಿದು, ಕೊನೆಯ ಒಂದು ಪದ ಕೆಳಗೆ ಒಂಟಿಯಾಗಿ ನಿಲ್ಲುತ್ತದೆ. ಓದುಗರು ಅದನ್ನು ಕವಿಯೇ ಮುರಿದ ಸಾಲೆಂದು ಓದುತ್ತಾರೆ, ಲಯ ಕೆಡುತ್ತದೆ. ಚಿತ್ರದಲ್ಲಿ ಸಾಲು ಅಲುಗುವುದಿಲ್ಲ, ನಿಜ. ಆದರೆ ಅದರೊಳಗಿನ ಪದ ಸಾಮಾನ್ಯ ಹುಡುಕಾಟಕ್ಕೆ ಸಿಗುವುದು ಕಡಿಮೆ, ದೃಷ್ಟಿಯಿಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ತೊಡಕು. ಹಾಗಾಗಿ ಚಿತ್ರ ಹಾಕಿದರೂ ಕೆಳಗೆ ಪಠ್ಯವನ್ನೂ ಕೊಡುವುದು ನಾನು ರೂಢಿಸಿಕೊಂಡ ಕ್ರಮ.

ಕವಿತೆ ಬಾಯಿಂದ ಬಾಯಿಗೆ ಹರಿದೇ ಬಂದದ್ದಲ್ಲವೇ, ವಾಟ್ಸ್ಆ್ಯಪ್‌ನಲ್ಲಿ ಹರಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹರಿದು ಬಂದ ವಚನ, ಕೀರ್ತನೆಗಳು ತಮ್ಮ ಗುರುತನ್ನು ಒಡಲಲ್ಲೇ ಇಟ್ಟುಕೊಂಡಿದ್ದವು. ಕೂಡಲಸಂಗಮದೇವ, ಪುರಂದರವಿಠಲ ಎಂಬ ಅಂಕಿತ ಕಿತ್ತರೆ ರಚನೆಯೇ ಅಪೂರ್ಣ. ನಮ್ಮ ಕವಿತೆಯ ಹೆಸರೋ ಕೊನೆಯಲ್ಲಿ ಬೇರೆ ಸಾಲಾಗಿ ನಿಂತಿರುತ್ತದೆ. ಎರಡನೆಯ ಫಾರ್ವರ್ಡಿಗೇ ಉದುರುತ್ತದೆ. ಮೇಲಾಗಿ ವಚನಗಳು ಬಾಯಿಪಾಠದಿಂದಷ್ಟೇ ಉಳಿದವಲ್ಲ. ಓಲೆಗರಿಗೆ ಪ್ರತಿ ಮಾಡಿದವರಿದ್ದರು, ಅವನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರಿದ್ದರು. ಇಂದು ‘ವಚನ ಸಂಚಯ’ ತಾಣದಲ್ಲಿ ಒಂದು ಪದ ಕೊಟ್ಟರೆ ಅದಿರುವ ವಚನಗಳು ತೆರೆದುಕೊಳ್ಳುವುದು, ಅವನ್ನು ಯಾರೋ ಪಠ್ಯವಾಗಿಸಿದ್ದರಿಂದ.

ಸಂಪಾದಕರಿಲ್ಲದ ಕಡೆ ಜೊಳ್ಳೇ ಹೆಚ್ಚು ಎಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಹಿತ್ಯದ ಸಣ್ಣ ಪತ್ರಿಕೆಗಳನ್ನೂ ಎಷ್ಟೋ ಬಾರಿ ಬರಹಗಾರರೇ ಕೈಯಿಂದ ಹಣ ಹಾಕಿ ನಡೆಸಿದ್ದು. ಅಲ್ಲಿ ಇದ್ದದ್ದು ಬೇಡವೆನ್ನಬಲ್ಲ ಒಬ್ಬ ಓದುಗ. ಅಂಥವರೊಬ್ಬರು ನಮಗೂ ಬೇಕು, ಮೆಚ್ಚುಗೆಯ ಲೆಕ್ಕ ಆ ಕೆಲಸ ಮಾಡದು. ಇನ್ನೊಂದು ಲೌಕಿಕ ಕಾರಣಕ್ಕೂ ತಡೆದು ಹಾಕುವುದು ಒಳ್ಳೆಯದು: ಜಾಲತಾಣದಲ್ಲಿ ಬಂದುಹೋದ ಕವಿತೆಯನ್ನು ಅನೇಕ ಪತ್ರಿಕೆ, ಸ್ಪರ್ಧೆಗಳು ಅಪ್ರಕಟಿತವೆಂದು ಒಪ್ಪುವುದಿಲ್ಲ. ಪತ್ರಿಕೆಗೆ ಕಳಿಸುವುದಿದ್ದರೆ ಮೊದಲು ಅಲ್ಲಿಗೆ, ಆಮೇಲೆ ಜಾಲಕ್ಕೆ. ಹಾಕುವಾಗ ಶೀರ್ಷಿಕೆ, ಹೆಸರು, ತಾರೀಖು ಪಠ್ಯದಲ್ಲೇ ಇರಲಿ, ತಿದ್ದಿದರೆ ತಿದ್ದಿದ್ದೇನೆಂದು ಬರೆಯಿರಿ, ಪ್ರತಿಯೊಂದು ನಿಮ್ಮಲ್ಲಿರಲಿ. ಇಷ್ಟು ಮಾಡಲು ಬೇಸರವೆನಿಸುವ ಕವಿತೆಯನ್ನು ಹಾಕದಿದ್ದರೂ ನಷ್ಟವಿಲ್ಲ.